ಏಳನೇ ನಂಬರಿನ ಪಾಸ್ ಚೀಟಿ

ಬೈರಾಪಟ್ಟಣದ ಧನಲಕ್ಷ್ಮಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಿವಿ ಅಕ್ಕ ಎನ್ನುತ್ತಿದ್ದರು. ಅವಳೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮೇಲೆ ಸಿಡುಕಿದಂತೆ ಮಾಡಿದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಬಿಡದಿಯ ಆಚೆಗಿದ್ದ ಆ ಕಾರ್ಖಾನೆಯಲ್ಲಿ ಮನೆಯಲ್ಲಿ ಕೂತು ಹಾಡು ಕೇಳುವವರಿಗಾಗಿ ಸ್ಟೀರಿಯೊ ಆಂಪ್ಲಿಫೈಯರ್‌ಗಳು ತಯಾರಾಗುತ್ತಿದ್ದವು. ಉದ್ದನೆಯ ಸಾಲಿನಲ್ಲಿ ಹೆಂಗಸರು ಕೂತು ಬೋರ್ಡಿಗೆ ಬೆಸುಗೆ ಹಾಕುವುದು, ತಂತಿ ಕಟ್ಟುವುದು, ಮುಚ್ಚಳ ಬಿಗಿಯುವುದು ಮಾಡುತ್ತಿದ್ದರು. ಸಾಲು ಮುಗಿಯುವ ಕಡೆ, ಗೋಡೆಗೆ ಒತ್ತಿದಂತೆ ಒಂದು ಮೇಜು, ಅದರ ಎಡಕ್ಕೊಂದು ಬಲಕ್ಕೊಂದು ಸ್ಪೀಕರು. ಆ ಮೇಜು ಧನಲಕ್ಷ್ಮಿಯದು. ತಯಾರಾದ ಪ್ರತಿಯೊಂದು ಪೆಟ್ಟಿಗೆಯೂ ಅವಳ ಕಣ್ಣು, ಕೈ, ಕಿವಿ ದಾಟಿಯೇ ಹೊರಗೆ ಹೋಗಬೇಕಿತ್ತು. ಒಪ್ಪಿಗೆಯಾದರೆ ಹಿಂಬದಿಗೆ ಏಳು ಎಂದು ಅಚ್ಚಾದ ಹಸಿರು ಚೀಟಿ ಅಂಟಿಸುತ್ತಿದ್ದಳು. ಏಳು ಅವಳ ನಂಬರು.

ಮದುವೆಯಾದ ವರ್ಷದಲ್ಲೇ ಕೆಲಸಕ್ಕೆ ಸೇರಿದವಳು. ಗಂಡ ನರೇಂದ್ರ ಎಳನೀರು ತುಂಬಿದ ಟೆಂಪೊ ಓಡಿಸುತ್ತಿದ್ದ. ಮೊದಮೊದಲು ಅವಳೂ ಬೆಸುಗೆ ಸಾಲಿನಲ್ಲೇ ಕೂರುತ್ತಿದ್ದಳು. ಕೊನೆಯ ಮೇಜಿನಲ್ಲಿ ಆಗ ಮುನಿರಾಮಯ್ಯ ಎಂಬ ಹಿರಿಯರಿದ್ದರು. ಕೆಲಸದಲ್ಲಿ ಅವಳ ಎಚ್ಚರ ಕಂಡು ಅವರೇ ಪಕ್ಕಕ್ಕೆ ಕರೆದು ಕೂರಿಸಿಕೊಂಡು ಕಲಿಸಿದರು. ಬಂದ ತಕ್ಷಣ ಹಾಡು ಹಾಕಬೇಡ ಎನ್ನುವುದು ಅವರ ಮೊದಲ ಪಾಠ. ಮೊದಲು ಎರಡೂ ಕೈಯಲ್ಲಿ ಎತ್ತಿ ತೂಕ ನೋಡು, ಒಳಗಿರುವ ಟ್ರಾನ್ಸ್‌ಫಾರ್ಮರ್ ಎಂಥದೆಂದು ತೋಳಿಗೇ ಗೊತ್ತಾಗುತ್ತದೆ. ಬೆರಳಿನ ಗಿಣ್ಣಿನಿಂದ ಮುಚ್ಚಳ ತಟ್ಟು, ಸಡಿಲ ತಗಡು ಗಲಗಲ ಎನ್ನುತ್ತದೆ. ಕರೆಂಟಿನ ವೈರನ್ನು ಹಿಡಿದೊಮ್ಮೆ ಜಗ್ಗು. ಆಮೇಲೆ ಸ್ವಿಚ್ಚು ಹಾಕಿ, ಯಾವ ಹಾಡೂ ಇಲ್ಲದೆ ವಾಲ್ಯೂಮನ್ನು ಸೊನ್ನೆಯಿಂದ ತುದಿಯವರೆಗೆ ತಿರುಗಿಸಿ ಸುಮ್ಮನೆ ಕಿವಿಗೊಡು. ಒಳ್ಳೆಯ ಪೆಟ್ಟಿಗೆ ಸುಮ್ಮನಿರುತ್ತದೆ, ಕೆಟ್ಟದ್ದು ಗುಂಯ್ ಎನ್ನುತ್ತಲೇ ಇರುತ್ತದೆ.

ಹಾಡಿನ ವಿಷಯದಲ್ಲಿ ಅವಳದೇ ಒಂದು ದಾರಿಯಿತ್ತು. ಒಬ್ಬಳೇ ಹೆಂಗಸು ತಂಬೂರಿ ಹಿಡಿದು ಹಾಡಿದ ತತ್ವಪದವೊಂದನ್ನು ಮೊದಲು ಹಾಕುತ್ತಿದ್ದಳು. ಹಾಡುವವಳು ಉಸಿರು ಎಳೆದುಕೊಳ್ಳುವುದು ಎರಡು ಸ್ಪೀಕರಿನ ನಟ್ಟನಡುವೆ ಕೇಳಬೇಕು. ಆಮೇಲೆ ತಮಟೆ. ಪೆಟ್ಟು ಬಿದ್ದು ನಿಲ್ಲಬೇಕಾದ ಕಡೆ ನಿಲ್ಲಬೇಕು, ಕೆಸರಿನಲ್ಲಿ ಕಾಲಿಟ್ಟಂತೆ ಎಳೆಯಬಾರದು. ಅರ್ಧ ಗಂಟೆ ಹಾಡಿಸಿ ಕೊನೆಗೆ ಮುಚ್ಚಳದ ಮೇಲೆ ಅಂಗೈ ಇಟ್ಟು ಕಾವು ನೋಡುವಳು. ಇಷ್ಟೆಲ್ಲ ಆದ ಮೇಲೆ ಚೀಟಿ.

ಫಿರೋಜಾ ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ರಾಮನಗರದವಳು, ಬೆಸುಗೆ ಸಾಲಿನಲ್ಲಿ ಕೆಲಸ. ಚನ್ನಪಟ್ಟಣದಲ್ಲಿ ರೈಲು ಹತ್ತುವ ಧನಲಕ್ಷ್ಮಿ ಪಕ್ಕದ ಜಾಗಕ್ಕೆ ಬ್ಯಾಗು ಇಟ್ಟುಕೊಂಡು ಬರುತ್ತಿದ್ದಳು; ರಾಮನಗರದಲ್ಲಿ ಫಿರೋಜಾ ಹತ್ತಿ ಅಲ್ಲಿ ಕೂರುತ್ತಿದ್ದಳು. ಬಿಡದಿ ಬರುವಷ್ಟರಲ್ಲಿ ಎರಡು ಮನೆಯ ಸುದ್ದಿಯೂ ಮುಗಿದಿರುತ್ತಿತ್ತು. ಹೆರಿಗೆ, ಆಪರೇಷನ್ನು, ಅತ್ತೆಯ ಕಾಟ, ಎಲ್ಲವನ್ನೂ ಒಬ್ಬರಿಗೊಬ್ಬರು ಹೇಳಿಕೊಂಡು ಕಳೆದವರು. ಧನಲಕ್ಷ್ಮಿಯ ಮಗಳು ಅಮೂಲ್ಯಳ ಮದುವೆಯಲ್ಲಿ ಇಡೀ ಚಪ್ಪರದ ಹೆಂಗಸರಿಗೆ ಮೆಹಂದಿ ಹಾಕಿದವಳು ಫಿರೋಜಾಳ ಮಗಳು ಜೈನಬ್. ಆಗಿನ್ನೂ ಅವಳು ಹತ್ತನೇ ಕ್ಲಾಸು. ಈಗ ಅದರಲ್ಲೇ ಹೆಸರು ಮಾಡಿ, ಮೈಸೂರಿನವರೆಗೆ ಮದುವೆ ಮನೆಗಳಿಗೆ ಹೋಗಿಬರುತ್ತಿದ್ದಳು.

ಹೊಸ ಮಾದರಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಆನ್‌ಲೈನಿನಲ್ಲಿ ಮಾರಲಿಕ್ಕೆಂದೇ ಮಾಡಿದ್ದು. ಮುಂಭಾಗ ಕಪ್ಪು ಗಾಜಿನಂತೆ ಮಿರಮಿರ ಮಿಂಚುತ್ತಿತ್ತು, ಗುಂಡಿಯ ಸುತ್ತ ನೀಲಿ ಬೆಳಕು. ಧನಲಕ್ಷ್ಮಿ ಎತ್ತಿದಳು. ಹಗುರವಾಗಿತ್ತು. ಮುಚ್ಚಳ ಬಿಚ್ಚಿಸಿ ನೋಡಿದರೆ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದ್ದರು. ಕರೆಂಟಿನ ವೈರು ಒಳಗೆ ಹೋಗುವ ತೂತಿಗೆ ಮೊದಲೆಲ್ಲ ರಬ್ಬರ್ ಬುಷ್ ಇರುತ್ತಿತ್ತು, ಒಳಗಡೆ ವೈರನ್ನು ಕಚ್ಚಿಹಿಡಿಯುವ ಒಂದು ಕ್ಲಿಪ್ಪಿರುತ್ತಿತ್ತು. ಈಗ ಎರಡೂ ಇಲ್ಲ. ವೈರು ಬರಿಯ ತಗಡಿನ ಅಂಚಿಗೆ ಉಜ್ಜುತ್ತ ಹೋಗಿತ್ತು. ಮೂರು ಪಿನ್ನಿನ ಪ್ಲಗ್ಗಿಗೆ ಬದಲು ಎರಡು ಪಿನ್ನಿನದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗೇ ಇಲ್ಲ. ಬೆರಳಿನ ಹಿಂಬದಿಯಿಂದ ತಗಡನ್ನು ಸವರಿದರೆ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಅರ್ಧ ಗಂಟೆ ಹಾಡಿದ ಮೇಲೆ ಅಂಗೈ ಇಡಲು ಆಗುತ್ತಿರಲಿಲ್ಲ.

ಆದರೆ ಹಾಡು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ತಮಟೆಯ ಪೆಟ್ಟು ಎದೆಗೆ ಬಡಿಯುತ್ತಿತ್ತು, ಹಾಡುವವಳು ಎದುರಿಗೇ ಕೂತಂತಿದ್ದಳು. ಸಾಲಿನಲ್ಲಿದ್ದ ಹೆಂಗಸರು ಕೆಲಸ ಬಿಟ್ಟು ತಿರುಗಿ ನೋಡಿದರು. ಬೋರ್ಡನ್ನು ಯಾರೋ ಬಲ್ಲವರು ಮಾಡಿದ್ದಾರೆ ಎಂದು ಧನಲಕ್ಷ್ಮಿಯೂ ಒಪ್ಪಿದಳು. ಒಪ್ಪಿದರೂ ಚೀಟಿ ಅಂಟಿಸಲಿಲ್ಲ. ಬೆಳಗಿನಿಂದ ಬಂದ ಅಷ್ಟನ್ನೂ ಗೋಡೆಯ ಬದಿಗೆ ಜೋಡಿಸಿಟ್ಟಳು.

ಸೂಪರ್‌ವೈಸರ್ ಯೋಗಾನಂದ ಮಾಗಡಿ ಕಡೆಯವನು. ಕೆಟ್ಟವನಲ್ಲ, ಮೇಲಿನವರಿಗೆ ಹೆದರುವವನು. ರಾಶಿ ನೋಡಿ ಓಡಿಬಂದ.

"ಸೌಂಡು ಹೆಂಗೈತೆ, ಅದನ್ನ ಹೇಳಿ ಧನಲಕ್ಷ್ಮಮ್ಮ."

"ಸೌಂಡು ಚೆನ್ನಾಗೈತೆ ಸಾರ್. ಡಬ್ಬ ಚೆನ್ನಾಗಿಲ್ಲ."

"ಗಿರಾಕಿ ಏನ್ ಡಬ್ಬ ಬಿಚ್ಚಿ ನೋಡ್ತಾನಾ?"

"ಮುಟ್ತಾನಲ್ಲ ಸಾರ್."

ಯೋಗಾನಂದ ರಾಶಿಯನ್ನು ಇನ್ನೊಮ್ಮೆ ಎಣಿಸಿದ. ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದು ಹೋದ. ಒಂದು ವಾರ ಹೀಗೇ ಜಗ್ಗಾಟ ನಡೆಯಿತು. ಅವಳು ಬದಿಗಿಡುವುದು, ಅವರು ಬಂದು ಬೇಡುವುದು, ಗದರುವುದು. ಕೊನೆಗೊಂದು ಬೆಳಿಗ್ಗೆ, ಪ್ಯಾಕಿಂಗಿನಲ್ಲಿ ಜನ ಸಾಲದಾಗಿದೆ, ಸ್ವಲ್ಪ ದಿನ ಅಲ್ಲಿ ನೋಡಿಕೊಳ್ಳಿ ಎಂದರು. ಅವಳ ಮೇಜಿಗೆ ಫಿರೋಜಾಳನ್ನು ಕೂರಿಸಿದರು. ಬಿಡುವಿನಲ್ಲಿ ಧನಲಕ್ಷ್ಮಿಯ ಪಕ್ಕ ನಿಂತು ಅಷ್ಟೋ ಇಷ್ಟೋ ಕಲಿತಿದ್ದವಳು ಅವಳೊಬ್ಬಳೇ.

ಆ ಸಂಜೆ ರೈಲಿನಲ್ಲಿ ಫಿರೋಜಾ ಅವಳ ಕೈ ಹಿಡಿದುಕೊಂಡಳು. "ನಂಗಾಗಲ್ಲ ಅಂದೆ ಧನಕ್ಕ. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡಿ ಅಂದ್ರು."

"ಕೂತ್ಕೊ ಕಣೆ. ಯಾರಾದ್ರೂ ಕೂರ್ಲೇಬೇಕಲ್ಲ" ಎಂದಳು ಧನಲಕ್ಷ್ಮಿ.

ಬಾಯಿ ಹಾಗೆಂದಿತು. ಹೊಟ್ಟೆಯೊಳಗೆ ಬೇರೆಯೇ ಇತ್ತು. ಬೆಂಕಿಯಲ್ಲಿ ಬಿದ್ದಂತೆ ಉರಿಯುತ್ತಿದ್ದಳು. ಫಿರೋಜಾ ನಿಜವಾಗಿಯೂ ಆಗುವುದಿಲ್ಲ ಎಂದಿದ್ದಳೋ, ಇಲ್ಲ ಆ ಮೇಜಿನ ಮೇಲೆ ಮೊದಲಿಂದಲೂ ಕಣ್ಣಿಟ್ಟಿದ್ದಳೋ ಎಂದು ಮನಸ್ಸು ಕೆದಕುತ್ತಲೇ ಇತ್ತು.

ಪ್ಯಾಕಿಂಗ್ ಎಂದರೆ ಪೆಟ್ಟಿಗೆಯನ್ನು ಥರ್ಮೊಕೋಲಿನಲ್ಲಿ ಕೂರಿಸಿ, ರಟ್ಟಿನ ಡಬ್ಬಕ್ಕಿಳಿಸಿ ಟೇಪು ಹೊಡೆಯುವುದು. ಮೊದಲ ಪೆಟ್ಟಿಗೆ ಕೈಗೆ ಬಂದಾಗಲೇ ಹಿಂಬದಿಯ ಹಸಿರು ಚೀಟಿ ಕಣ್ಣಿಗೆ ಬಿತ್ತು. ಏಳು. ಎರಡನೆಯದರಲ್ಲೂ ಏಳು. ನೇರ ಯೋಗಾನಂದನ ಬಳಿ ಹೋದಳು. ಸುರುಳಿಗಟ್ಟಲೆ ಚೀಟಿ ಅಚ್ಚಾಗಿಬಿಟ್ಟಿದೆ, ಮುಗಿದ ಮೇಲೆ ಹೊಸ ನಂಬರು ಹಾಕಿಸೋಣ, ಬರಿ ನಂಬರು ತಾನೆ ಎಂದ ಅವನು. ಅಲ್ಲೇ ನಿಂತು ಜಗಳ ತೆಗೆಯಬಹುದಿತ್ತು. ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದವಳ ಮಾತಿಗೆ ಸಾಲಿನ ಹೆಂಗಸರೆಲ್ಲ ಎದ್ದು ಬರುತ್ತಿದ್ದರೇನೋ. ಅವಳು ಜಗಳ ತೆಗೆಯಲಿಲ್ಲ. ಹೋಗಲಿ, ಎಲ್ಲ ಹೋಗಲಿ ಎಂದುಕೊಂಡಳು. ಊರೂರಿಗೆ ಹೋಗಿ, ಸುಟ್ಟು, ಹೊಗೆಯೆದ್ದು, ಲಾರಿಗಟ್ಟಲೆ ವಾಪಸು ಬರಲಿ. ಆಗ ಅವರೇ ಬಂದು ಕರೆಯುತ್ತಾರೆ. ಹಾಗೆಂದುಕೊಂಡು ಟೇಪು ಹೊಡೆದಳು. ದಿನವೂ ಹೊಡೆದಳು.

ಬೇಸಿಗೆಯಲ್ಲೊಂದು ಮಧ್ಯಾಹ್ನ ಊಟದ ಹೊತ್ತಿಗೆ ಫಿರೋಜಾ ಡಬ್ಬಿ ಹಿಡಿದು ಪ್ಯಾಕಿಂಗಿನ ಕಡೆ ಬಂದಳು. ಮುಖ ಬಾಡಿತ್ತು. ದಿನಕ್ಕೆ ಇಷ್ಟು ಮುಗಿಸಲೇಬೇಕು ಎಂದು ಹೇರಿದ್ದಾರೆ, ಅರ್ಧ ಗಂಟೆಯಿರಲಿ ಒಂದು ಹಾಡು ಪೂರ್ತಿ ಕೇಳುವುದಕ್ಕೂ ಪುರುಸೊತ್ತಿಲ್ಲ ಎಂದು ಹೇಳಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಧನಕ್ಕ, ಮುಟ್ಟಿದ್ರೆ ಒಸಿ ಜುಮ್ ಅಂತೈತೆ. ಎಲ್ಲಾದ್ರಲ್ಲೂ ಹಂಗೇನಾ? ಬುಟ್ಬುಡಬೋದಾ ಅದನ್ನ?"

ಧನಲಕ್ಷ್ಮಿ ಅನ್ನ ಕಲಸುತ್ತಿದ್ದಳು. ತಲೆಯೆತ್ತಲಿಲ್ಲ.

"ನಂಗೇನೆ ಗೊತ್ತು? ನಾನು ಪ್ಯಾಕಿಂಗ್‌ನೋಳು. ಆ ಮೇಜಲ್ಲಿ ಕೂತೋಳು ನೀನು."

ಫಿರೋಜಾ ಡಬ್ಬಿ ಬಿಚ್ಚದೆಯೇ ವಾಪಸು ಹೋದಳು. ಆ ದಿನದಿಂದ ಅವಳು ಆ ವಿಷಯ ಎತ್ತಲಿಲ್ಲ. ರೈಲಿನಲ್ಲಿ ಪಕ್ಕಪಕ್ಕವೇ ಕೂರುತ್ತಿದ್ದರು, ಸೊಪ್ಪಿನ ಸಾರು, ಮಗಳ ಬಾಣಂತನ ಎಂದು ಮಾತೂ ಆಡುತ್ತಿದ್ದರು. ಕಾರ್ಖಾನೆಯ ಮಾತು ಬಂದರೆ ಇಬ್ಬರೂ ಕಿಟಕಿಯ ಕಡೆ ನೋಡುತ್ತಿದ್ದರು.

ಕಂಪನಿ ಶುರುವಾಗಿ ಇಪ್ಪತ್ತೈದು ವರ್ಷವಾಯಿತೆಂದು ಆ ಸಲ ಕೆಲಸಗಾರರಿಗೆಲ್ಲ ಒಂದೊಂದು ಹೊಸ ಸೆಟ್ಟು ಉಡುಗೊರೆ ಕೊಟ್ಟರು. ಆ ಸಂಜೆ ಹೆಂಗಸರ ಬೋಗಿಯ ತುಂಬ ರಟ್ಟಿನ ಡಬ್ಬಗಳೇ. ಫಿರೋಜಾ ತನ್ನದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದಳು. ಜೈನಬ್ ಮಹಡಿ ಮೇಲೆ ಓಣಿಯ ಹುಡುಗಿಯರಿಗೆ ಮೆಹಂದಿ ಕಲಿಸುತ್ತಾಳಂತೆ, ಕಲಿಸುವಾಗ ಹಾಡು ಬೇಕೆಂದು ತಿಂಗಳಿಂದ ಪ್ರಾಣ ತಿನ್ನುತ್ತಿದ್ದಳಂತೆ. ಇನ್ನು ಕೆಳಗೊಮ್ಮೆ ಮೇಲೊಮ್ಮೆ ಇದನ್ನು ಹೊತ್ತು ತಿರುಗುವುದೇ ಅವಳ ಕೆಲಸ ಎಂದು ನಕ್ಕಳು.

ಹೊತ್ತು ತಿರುಗಿದರೆ ವೈರು ತಗಡಿಗೆ ಉಜ್ಜುತ್ತದೆ, ಮೇಲಿನ ಸಿಪ್ಪೆ ಸುಲಿದರೆ ಕರೆಂಟು ತಗಡಿಗೇ ಹರಿಯುತ್ತದೆ. ಧನಲಕ್ಷ್ಮಿಗೆ ಅದು ಆ ಕ್ಷಣವೇ ಹೊಳೆಯಿತು. ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಫಿರೋಜಾ ಎಂದಳು: "ನಿಂದೂ ನಾನೇ ಚೆನ್ನಾಗ್ ನೋಡಿ ಚೀಟಿ ಹಚ್ಚಿದೀನಿ ಧನಕ್ಕ. ಬೇಕಂತಲೇ ಒಳ್ಳೇದು ಆರಿಸ್ದೆ."

ಪ್ರೀತಿಯಿಂದಲೇ ಹೇಳಿದ ಮಾತು. ಧನಲಕ್ಷ್ಮಿಗೆ ಮಾತ್ರ ಅದು ಮುಳ್ಳಿನಂತೆ ನೆಟ್ಟಿತು. ನನ್ನ ನಂಬರಿನ ಚೀಟಿಯನ್ನು ನನ್ನ ಪೆಟ್ಟಿಗೆಗೇ ಅಂಟಿಸಿ, ನನಗೇ ಚೆನ್ನಾಗಿ ನೋಡಿದ್ದೇನೆ ಎನ್ನುತ್ತಾಳಲ್ಲ ಎಂದು ತುಟಿ ಬಿಗಿದಳು. ರಾಮನಗರ ಬಂತು. ನೂಕುನುಗ್ಗಲಿನಲ್ಲಿ ಫಿರೋಜಾ ಮೊದಲು ಇಳಿದಳು. ಡಬ್ಬವನ್ನು ಬಾಗಿಲಿಂದ ಅವಳ ಕೈಗೆ ಕೊಟ್ಟವಳು ಧನಲಕ್ಷ್ಮಿಯೇ.

ತನ್ನ ಡಬ್ಬವನ್ನು ಅವಳು ಮನೆಯಲ್ಲಿ ಬಿಚ್ಚಲಿಲ್ಲ. ಅಟ್ಟಕ್ಕೆ ಹಾಕಿದಳು. ನರೇಂದ್ರ ಕೇಳಿದ್ದಕ್ಕೆ, ಇರುವ ಟೀವಿ ಸದ್ದೇ ಸಾಕು ಎಂದಳು.

ಆಷಾಢದ ಮಳೆ ಹಿಡಿದಿತ್ತು. ಒಂದು ಸೋಮವಾರ ರಾಮನಗರದಲ್ಲಿ ಫಿರೋಜಾ ಹತ್ತಲಿಲ್ಲ. ಅವಳ ಓಣಿಯ ದಿಲ್ಶಾದ್ ಎಂಬವಳು, ಅವಳೂ ಕಾರ್ಖಾನೆಯವಳೇ, ಹತ್ತಿದವಳೇ ಧನಲಕ್ಷ್ಮಿಯನ್ನು ಹುಡುಕಿಕೊಂಡು ಬಂದು ಎದುರಿಗೆ ಕೂತು ಅತ್ತಳು. ಹಿಂದಿನ ದಿನ ಜೈನಬ್ ಬಟ್ಟೆ ಒಗೆದು ಒದ್ದೆ ಕೈಯಲ್ಲೇ ಬಂದಿದ್ದಾಳೆ. ಫೋನು ಬಂತೆಂದು ಹಾಡಿನ ಸದ್ದು ತಗ್ಗಿಸಲು ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದಿದ್ದಾಳೆ. ಹಿಡಿದ ಕೈ ಬಿಡಲಿಲ್ಲ. ಅಪ್ಪ ವಹಾಬ್ ಮೇನ್ ಸ್ವಿಚ್ಚು ಆರಿಸಿ ಬಿಡಿಸುವಷ್ಟರಲ್ಲಿ ಬಲಗೈ ಬೆಂದುಹೋಗಿತ್ತು. ಜೀವ ಉಳಿದಿದೆ, ಬೆಂಗಳೂರಿಗೆ ಕರೆದೊಯ್ದಿದ್ದಾರೆ, ಬೆರಳು ಉಳಿಯುವುದು ಕಷ್ಟವಂತೆ.

ಕೇಳಿದ ತಕ್ಷಣ ಧನಲಕ್ಷ್ಮಿಯ ಮನಸ್ಸಿನಲ್ಲಿ ಮೊದಲು ಎದ್ದದ್ದು ಅಳುವಲ್ಲ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂಬ ಮಾತು. ಒಂದು ಗಳಿಗೆ ಎದೆ ಹಗುರಾದಂತೆಯೂ ಆಯಿತು. ಮರುಗಳಿಗೆಗೆ ತಾನು ಎಂಥವಳಾಗಿಬಿಟ್ಟೆ ಎಂದು ಅರಿವಾಯಿತು. ಕೂರಲಾರದೆ ಎದ್ದುಹೋಗಿ ಬಾಗಿಲ ಬಳಿ ಕಂಬಿ ಹಿಡಿದು ನಿಂತಳು. ದುಃಖ ತಡೆಯಲಾರದೆ ಎದ್ದಳೆಂದು ದಿಲ್ಶಾದ್ ತಿಳಿದಳು.

ಜೈನಬ್‌ಳ ಬಲಗೈಯ ಎರಡು ಬೆರಳು ತೆಗೆದರು. ಹೆಬ್ಬೆರಳಿದೆ, ಆದರೆ ಬಾಗುವುದಿಲ್ಲ. ಆಸ್ಪತ್ರೆಗೆ ಹಣ್ಣು ಹಿಡಿದು ಹೋದ ಧನಲಕ್ಷ್ಮಿಗೆ ಫಿರೋಜಾ ಬೆಂಚು ತೋರಿಸಿದಳು. ಹುಡುಗಿ ಮಲಗಿತ್ತು. ಮಾತಾಡಿದವನು ವಹಾಬ್. ಸುಮ್ಮನೆ ಬಿಡುವವನಲ್ಲ, ಪೆಟ್ಟಿಗೆ ಹಾಗೇ ಇಟ್ಟಿದ್ದೇನೆ, ಹಿಂದೆ ಏಳು ಅಂತ ನಂಬರಿದೆ, ಯಾರು ನೋಡಿ ಕಳಿಸಿದರೋ ಅವರೇ ಹೇಳಲಿ ಎಂದ. ಆ ನಂಬರು ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಫಿರೋಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

ಹೇಳಿದಂತೆಯೇ ವಹಾಬ್ ಓಣಿಯ ಹಿರಿಯರಿಬ್ಬರನ್ನು ಕರೆದುಕೊಂಡು, ಪೆಟ್ಟಿಗೆ ಹೊತ್ತು ಕಾರ್ಖಾನೆಗೆ ಬಂದ. ಫಿರೋಜಾಳೂ ಬಂದಿದ್ದಳು. ಮ್ಯಾನೇಜರು ಎಲ್ಲರನ್ನೂ ಕೂರಿಸಿ ಟೀ ತರಿಸಿದ. ಯೋಗಾನಂದ ಬಾಗಿಲಿಗೆ ಒರಗಿ ನಿಂತಿದ್ದ. ಏಳನೇ ನಂಬರಿನವರು ಹಳಬರು, ಅವರಿಂದ ಇಂಥ ತಪ್ಪಾಗಬಾರದಿತ್ತು, ಅವರ ಮೇಲೆ ಖಂಡಿತ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಮ್ಯಾನೇಜರು ಹೇಳುತ್ತಿರುವಾಗಲೇ ಧನಲಕ್ಷ್ಮಿಯನ್ನು ಒಳಗೆ ಕರೆಸಿದರು. ದಿಲ್ಶಾದ್ ಮತ್ತು ಇನ್ನಿಬ್ಬರು ಹೆಂಗಸರೂ ಅವಳ ಹಿಂದೆಯೇ ಬಂದು ನಿಂತರು.

ಇದು ಯಾರ ನಂಬರು ಎಂದು ವಹಾಬ್ ಹೆಂಡತಿಯನ್ನು ಕೇಳಿದ. ಫಿರೋಜಾ ನೆಲ ನೋಡುತ್ತ ಹೇಳಿದಳು: "ಏಳು ಧನಕ್ಕಂದು."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮುಂದಿನ ಮಾತನ್ನೂ ಅವಳೇ ಹೇಳುತ್ತಾಳೆಂದು ಧನಲಕ್ಷ್ಮಿ ಕಾದಳು. ಫ್ಯಾನು ತಿರುಗುತ್ತಿತ್ತು. ಫಿರೋಜಾ ಬಾಯಿ ಬಿಡಲಿಲ್ಲ. ವಹಾಬ್ ತಲೆಯೆತ್ತಿ ಧನಲಕ್ಷ್ಮಿಯನ್ನು ನೋಡಿದ. ಅವನ ಮನೆಯ ಶಾವಿಗೆ ಪಾಯಸ ಎಷ್ಟು ಹಬ್ಬಕ್ಕೆ ಉಂಡಿದ್ದಳೋ ಅವಳಿಗೇ ಲೆಕ್ಕವಿಲ್ಲ. ಆ ನೋಟವನ್ನು ತಡೆಯಲು ಅವಳಿಂದ ಆಗಲಿಲ್ಲ.

"ನಂಬರು ನಂದೇ ಕಣಣ್ಣ. ಕೈ ನಂದಲ್ಲ. ಈ ಮಾಡಲ್ಲು ಬಂದ ವಾರಕ್ಕೇ ನನ್ನ ಆ ಮೇಜಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ್ರು. ಇಲ್ಲಿರೋರನ್ನೆಲ್ಲ ಕೇಳಿ."

"ಹಂಗಾದ್ರೆ ಅಲ್ಲಿ ಕೂತಿರೋರು ಯಾರು?"

ದಿಲ್ಶಾದ್‌ಳ ಕಣ್ಣು ತನಗರಿವಿಲ್ಲದೆ ಫಿರೋಜಾಳ ಕಡೆ ಹೋಯಿತು. ಫಿರೋಜಾ ದುಪಟ್ಟವನ್ನು ಮುಖದ ಮೇಲೆ ಎಳೆದುಕೊಂಡಳು. ಹೆಂಡತಿಗೆ ಕಾರ್ಖಾನೆಯಲ್ಲಿ ಬಡ್ತಿಯಾಗಿದೆ ಎಂದಷ್ಟೇ ವಹಾಬ್‌ಗೆ ಗೊತ್ತಿತ್ತು. ಅದು ಯಾವ ಕೆಲಸ ಎಂದು ಅವನಿಗೆ ಆಗ ತಿಳಿಯಿತು.

ಮ್ಯಾನೇಜರನ ಮುಖದಲ್ಲಿ ನೆರಿಗೆ ಸಡಿಲಾದದ್ದನ್ನು ಧನಲಕ್ಷ್ಮಿ ಕಂಡಳು. ಅವನು ದನಿ ಮೆತ್ತಗೆ ಮಾಡಿಕೊಂಡು, ನೋಡಿ ಸಾಹೇಬರೆ, ನಿಮ್ಮ ಮನೆಯವರೇ ಪರೀಕ್ಷೆ ಮಾಡಿ ಪಾಸು ಮಾಡಿ ಮನೆಗೆ ತಂದಿದ್ದಾರೆ, ಇನ್ನು ಕಂಪನಿ ಏನು ಮಾಡಲಿಕ್ಕಾಗುತ್ತದೆ ಎಂದ. ತನ್ನ ಮಾತು ಎಲ್ಲಿಗೆ ಹೋಗಿ ನಾಟಿತೆಂದು ಧನಲಕ್ಷ್ಮಿಗೆ ಆಗ ಅರ್ಥವಾಯಿತು. ಗಡಬಡಿಸಿ ಬುಷ್ಷಿನ ಮಾತು, ಕ್ಲಿಪ್ಪಿನ ಮಾತು, ಎರಡು ಪಿನ್ನಿನ ಪ್ಲಗ್ಗಿನ ಮಾತು ಎತ್ತಿದಳು. ಮೊದಲ ವಾರವೇ ತಾನು ಸೆಟ್ಟುಗಳನ್ನು ಬದಿಗಿಟ್ಟಿದ್ದೆ, ಯೋಗಾನಂದ ಸಾರ್ ಅವರನ್ನು ಕೇಳಿ ಎಂದಳು. ಯೋಗಾನಂದ ಕಿಟಕಿಯಾಚೆ ನೋಡುತ್ತಿದ್ದ.

"ನಿಮ್ಮ ವಿಷಯ ಮುಗೀತಲ್ಲಮ್ಮ. ನಿಮ್ಮ ತಪ್ಪಿಲ್ಲ ಅಂತ ಆಯ್ತಲ್ಲ. ಹೋಗಿ, ಕೆಲಸ ನೋಡಿ" ಎಂದ ಮ್ಯಾನೇಜರು.

ಆಸ್ಪತ್ರೆಯ ಖರ್ಚಿಗೆಂದು ಏನೋ ಒಂದಿಷ್ಟು ಕೊಟ್ಟು ಕೈ ತೊಳೆದುಕೊಂಡರು. ವಹಾಬ್ ಪೊಲೀಸರಿಗೆ ದೂರು ಕೊಡುತ್ತೇನೆಂದು ಹಾರಾಡಿದ. ದೂರು ಕೊಟ್ಟರೆ ಮೊದಲು ಹೆಸರು ಬರುವುದು ನಿನ್ನ ಹೆಂಡತಿಯದೇ ಎಂದು ಬಲ್ಲವರು ಹೇಳಿದ ಮೇಲೆ ಸುಮ್ಮನಾದ. ಫಿರೋಜಾಳನ್ನು ಕೆಲಸದಿಂದ ತೆಗೆದರು. ಒಂದು ತಿಂಗಳು ಸಾಲು ನಿಲ್ಲಿಸಿ, ಸದ್ದಿಲ್ಲದೆ ರಬ್ಬರ್ ಬುಷ್ಷು, ಕ್ಲಿಪ್ಪು, ಮೂರು ಪಿನ್ನು ಎಲ್ಲ ಹಾಕಿಸಿದರು. ಧನಲಕ್ಷ್ಮಿಯನ್ನು ಮತ್ತೆ ಕೊನೆಯ ಮೇಜಿಗೆ ಕರೆದರು. ಅವಳು ಹೋಗಿ ಕೂತಳು.

ಸುದ್ದಿ ಬೈರಾಪಟ್ಟಣಕ್ಕೂ ಮುಟ್ಟಿತು. ಅಷ್ಟು ದೊಡ್ಡ ಕಂಪನಿಯನ್ನೇ ನಮ್ಮೂರ ಹೆಂಗಸು ಬಗ್ಗಿಸಿದಳು ಎಂದು ಡೇರಿ ಮುಂದೆ ಮಾತಾಡಿಕೊಂಡರಂತೆ. ನರೇಂದ್ರ ಅದನ್ನು ಉಬ್ಬಿಕೊಂಡು ಬಂದು ಹೇಳಿದ. "ನೀನು ಗೆದ್ದೆ ಬುಡು. ಕೊನೆಗೂ ಅವರೇ ಬಂದು ಕರದ್ರಲ್ಲ."

ಅವಳು ತಟ್ಟೆ ತೊಳೆಯುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಫಿರೋಜಾಳ ಮನೆಗೆ ಹೋಗಬೇಕೆಂದು ದಿನವೂ ಅಂದುಕೊಳ್ಳುವುದು, ರಾಮನಗರ ಬಂದಾಗ ಎದ್ದು ನಿಲ್ಲುವುದು, ಮತ್ತೆ ಕೂರುವುದು. ಕೊನೆಗೆ ದಸರೆಯ ರಜೆಯಲ್ಲಿ ಗಟ್ಟಿ ಮನಸ್ಸು ಮಾಡಿ ಹೋದಳು. ಹಿಟ್ಟಿನ ಗಿರಣಿಯ ಪಕ್ಕದ ಓಣಿ, ಮೂರನೆಯ ಮನೆ. ಬಾಗಿಲು ತೆಗೆದವಳು ಜೈನಬ್. ಬಲಗೈಯನ್ನು ದುಪಟ್ಟದೊಳಗೆ ಮುಚ್ಚಿಕೊಂಡಿದ್ದಳು. ಬನ್ನಿ ಆಂಟಿ ಎಂದು ನಗುತ್ತಲೇ ಒಳಗೆ ಕರೆದು, ಎಡಗೈಯಲ್ಲಿ ಚಾಪೆ ಎಳೆದು ಹಾಸಿ, ಅಮ್ಮನನ್ನು ಕೂಗಿ, ತಾನು ಮಹಡಿಗೆ ಹೋದಳು.

ಫಿರೋಜಾ ಬಂದು ಗೋಡೆಗೆ ಒರಗಿ ಕೂತಳು. ತುಂಬ ಇಳಿದುಹೋಗಿದ್ದಳು. ಧನಲಕ್ಷ್ಮಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಶುರು ಮಾಡಿದಳು. ಆ ದಿನ ಆಫೀಸಿನಲ್ಲಿ ನಿನ್ನ ಹೆಸರು ಹೇಳಬೇಕೆಂದಿರಲಿಲ್ಲ, ನಾನು ಹೇಳಲೂ ಇಲ್ಲ, ನನ್ನ ಮೇಲೆ ಬಂದದ್ದನ್ನು ತಪ್ಪಿಸಿಕೊಂಡೆ ಅಷ್ಟೆ ಎಂದಳು. ಫಿರೋಜಾ ಪೂರ್ತಿ ಕೇಳಿದಳು.

"ಆಫೀಸಿನ ಮಾತು ಬುಡು ಧನಕ್ಕ. ನಾನೂ ನಿನ್ನ ಹೆಸರು ಹೇಳಿದ್ನಲ್ಲ, ಅದಕ್ಕೆ ಅದು ಸರಿಹೋಯ್ತು. ನಾನು ಕೇಳೋದು ಬೇರೆ. ಅವತ್ತು ಊಟದ ಟೈಮಲ್ಲಿ ಬಂದು ಕೇಳಿದ್ನಲ್ಲ, ಜುಮ್ ಅಂತೈತೆ ಅಂತ. ನಿಂಗೆ ಗೊತ್ತಿತ್ತಲ್ವಾ?"

ಧನಲಕ್ಷ್ಮಿ ಮಡಿಸಿಕೊಂಡಿದ್ದ ಚಾಪೆಯ ಅಂಚನ್ನು ನೆಟ್ಟಗೆ ಮಾಡಿದಳು.

"ರೈಲಲ್ಲಿ ನನ್ನ ತೊಡೆ ಮೇಲಿತ್ತು ಡಬ್ಬ. ನೀನೇ ಎತ್ತಿಕೊಟ್ಟೆ. ಆವಾಗ್ಲೂ ಗೊತ್ತಿತ್ತಲ್ವಾ?"

"ಹೇಳಿದ್ರೆ ನೀನು ನಂಬ್ತಿದ್ಯಾ? ಹೊಟ್ಟೆಕಿಚ್ಚು ಅಂತಿದ್ದೆ."

"ಅಂತಿದ್ನೇನೋ" ಎಂದಳು ಫಿರೋಜಾ. "ಅಂದಿದ್ರೆ ಅನ್ನಿಸ್ಕೊಬೇಕಿತ್ತು ಕಣಕ್ಕ ನೀನು."

ಮಹಡಿಯ ಮೇಲೆ ಯಾರೋ ನಡೆದಾಡಿದರು. ಫಿರೋಜಾ ಆ ಕಡೆ ಕಿವಿಗೊಟ್ಟು, ದನಿ ಏರಿಸದೆ ಹೇಳಿದಳು. "ನಂಗೆ ಗೊತ್ತಿರ್ಲಿಲ್ಲ, ಅದಕ್ಕೆ ಚೀಟಿ ಹಚ್ಚಿದೆ. ನಿಂಗೆ ಗೊತ್ತಿತ್ತು, ಟೇಪು ಹೊಡೆದೆ. ನನ್ನ ಮಗಳ ಕೈ ನೋಡ್ದಾಗ್ಲೆಲ್ಲ ನನ್ನ ಕೈ ಕತ್ತರಿಸಿ ಹಾಕ್ಬೇಕು ಅನ್ಸುತ್ತೆ. ನಿಂಗೆ ಏನನ್ಸುತ್ತೆ ಅಂತ ನಂಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಟೀ ಕುಡ್ಕೊಂಡು ಹೋಗು."

ಫಿರೋಜಾಳೇ ಟೀ ಮಾಡಿ ತಂದಿಟ್ಟಳು. ಧನಲಕ್ಷ್ಮಿಗೆ ಅದನ್ನು ಕುಡಿಯದೆ ಏಳುವ ಧೈರ್ಯವೂ ಇರಲಿಲ್ಲ. ಸುಡುತ್ತಿದ್ದಂತೆಯೇ ಕುಡಿದು ಲೋಟ ಇಟ್ಟು ಹೊರಟಳು. ಬತ್ತೀನಿ ಎಂದದ್ದಕ್ಕೆ ಫಿರೋಜಾ ಹೂಂ ಎಂದಳು.

ಆಮೇಲಿನ ಸುದ್ದಿಯೆಲ್ಲ ದಿಲ್ಶಾದ್‌ಳ ಬಾಯಿಂದಲೇ. ಫಿರೋಜಾ ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಸೇರಿದ್ದಾಳೆ. ದಿನವಿಡೀ ಬಿಸಿನೀರಿನಲ್ಲಿ ಕೈ. ವಹಾಬ್ ಮನೆಯಲ್ಲಿ ಹೆಂಡತಿಯ ಹತ್ತಿರ ಬೇಕಾದಷ್ಟೇ ಮಾತಾಡುತ್ತಾನೆ. ಜೈನಬ್ ಎಡಗೈಯಲ್ಲಿ ಮೆಹಂದಿ ಕೋನು ಹಿಡಿಯಲು ಕಲಿಯುತ್ತಿದ್ದಾಳೆ, ಗೆರೆ ಇನ್ನೂ ನೆಟ್ಟಗೆ ಬರುವುದಿಲ್ಲ, ಮದುವೆ ಮನೆಯವರು ಕಾಯುವುದಿಲ್ಲ. ಯೋಗಾನಂದ ಬೇರೆ ಕಂಪನಿಗೆ ಹೋದ. ಧನಲಕ್ಷ್ಮಿಗೆ ಕೆಲಸದಲ್ಲಿ ತೊಂದರೆಯೇನೂ ಇಲ್ಲ. ಅವಳು ಬದಿಗಿಟ್ಟದ್ದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಒಂದೆರಡು ಸಲ, ಇದನ್ನೆಲ್ಲ ಮೊದಲೇ ಮಾಡಬಹುದಿತ್ತಲ್ಲ ಎಂದು ಸಾಲಿನ ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಕೇಳಿಸಲಿಲ್ಲ ಎನ್ನುವಂತೆ ಅವಳು ಕೂತಿದ್ದಳು.

ಕಳೆದ ಯುಗಾದಿಗೆ ಮುಂಚೆ ರಾಮನಗರದ ಮಾರುಕಟ್ಟೆಯಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಎದುರಿಗೆ ಫಿರೋಜಾ ಬಂದಳು. ಕೆಲಸ ಮುಗಿಸಿ ಬರುತ್ತಿದ್ದಳು. ಬೆರಳುಗಳು ನೀರಿನಲ್ಲಿ ನೆಂದು ಬಿಳಚಿ ಸುಕ್ಕಾಗಿದ್ದವು. ಧನಲಕ್ಷ್ಮಿ ಕೈಯಲ್ಲಿದ್ದ ಕಾಯಿಗಳನ್ನು ರಾಶಿಗೆ ಬಿಟ್ಟು ನೆಟ್ಟಗೆ ನಿಂತಳು. ಫಿರೋಜಾ ಅವಳನ್ನು ನೋಡಿದಳು, ಚೆನ್ನಾಗಿದ್ದೀರಾ ಎಂದಳು. ಅಷ್ಟು ವರ್ಷದಲ್ಲಿ ಅವಳು ಧನಲಕ್ಷ್ಮಿಯನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಚೆನ್ನಾಗಿದ್ದೀನಿ ಎನ್ನುವಷ್ಟರಲ್ಲಿ ಅವಳು ಸೊಪ್ಪಿನ ಗಾಡಿ ದಾಟಿ ಹೋಗಿಬಿಟ್ಟಿದ್ದಳು.